ಇದ್ದಿಲ ಪುಡಿ: ಎಷ್ಟು ನುಣ್ಣಗೆ, ಯಾತಕ್ಕೆ?

ಹಿಂದಿನ ಸಂಚಿಕೆಯಲ್ಲಿ ಬಯೋಚಾರ್ ಬಗ್ಗೆ ಒಂದು ಪುಟ್ಟ ಉತ್ತರ ಕೊಟ್ಟಿದ್ದೆ. ಗಿಡಮರದ ಕಸವನ್ನು ಗಾಳಿಯಾಡದ ಹಾಗೆ ಕಾಯಿಸಿದರೆ ಅದು ಬೂದಿಯಾಗುವುದಿಲ್ಲ, ಇದ್ದಿಲಾಗುತ್ತದೆ, ಅದೇ ಬಯೋಚಾರ್ ಅಂತ. ಕೊನೆಗೆ 'ಬೇಕಾದರೆ ಅರೆದು ನುಣ್ಣಗೆ ಮಾಡಿಕೊಳ್ಳಬಹುದು' ಎಂದು ಒಂದು ಸಾಲು ಸೇರಿಸಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಆ ಒಂದು ಸಾಲು ಹಿಡಿದುಕೊಂಡೇ ಬಂದಿವೆ! ನನಗೇನೂ ಬೇಜಾರಿಲ್ಲ. ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡಿದ್ದೇ ಅರೆಯುವ ವಿಭಾಗದಲ್ಲಿ. ಈ ತಿಂಗಳ ಪುಟ ಪೂರ್ತಿ ಕರಿ ಪುಡಿಗೇ ಇರಲಿ.

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ಮರದ ಬಯೋಚಾರನ್ನು ಬಾಲ್ ಮಿಲ್ಲಿನಲ್ಲಿ ಅರೆಯುತ್ತಿದ್ದೇನೆ. ಮೊದಲ ಒಂದೆರಡು ಗಂಟೆ ಚೆನ್ನಾಗಿ ಪುಡಿಯಾಗುತ್ತದೆ. ಆಮೇಲೆ ಎಷ್ಟು ಹೊತ್ತು ಓಡಿಸಿದರೂ ಅಷ್ಟೇ. ರಾತ್ರಿಯಿಡೀ ಓಡಿಸಿದ ಪುಡಿಯನ್ನು ಪರೀಕ್ಷೆಗೆ ಕೊಟ್ಟರೆ ಕಣದ ಗಾತ್ರ ಮೊದಲಿಗಿಂತ ದೊಡ್ಡದಾಗಿ ಬಂತು. ಅರೆದಷ್ಟೂ ದಪ್ಪ ಆಗುವುದು ಹೇಗೆ?

ಉತ್ತರ: ಯಂತ್ರ ಕೆಟ್ಟಿಲ್ಲ, ಪರೀಕ್ಷೆಯೂ ತಪ್ಪಿಲ್ಲ. ಬಾಲ್ ಮಿಲ್ ಅಂದರೆ ಗಟ್ಟಿ ಗುಂಡುಗಳ ಜೊತೆ ಪುಡಿ ತುಂಬಿ ಉರುಳಿಸುವ ಡಬ್ಬಿ. ಗುಂಡುಗಳು ಪುಡಿಯನ್ನು ಒಡೆಯುತ್ತವೆ, ಜೊತೆಗೆ ಅದುಮುತ್ತವೆ ಕೂಡ. ಕಣ ದೊಡ್ಡದಿರುವಾಗ ಒಡೆಯುವ ಕೆಲಸವೇ ಮೇಲುಗೈ. ಕೆಲವು ಮೈಕ್ರಾನಿಗೆ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ಇಳಿದ ಮೇಲೆ ಕಣಗಳ ನಡುವಿನ ಸೆಳೆತ ಅವುಗಳ ಸ್ವಂತ ತೂಕಕ್ಕಿಂತ ಜಾಸ್ತಿಯಾಗುತ್ತದೆ. ಆಗ ಒಂದು ಪೆಟ್ಟಿಗೆ ಎರಡು ಕಣ ಒಡೆದರೆ ಅದೇ ಪೆಟ್ಟಿಗೆ ಇನ್ನೆರಡು ಅಂಟಿಕೊಳ್ಳುತ್ತವೆ. ಒಡೆಯುವುದು, ಅಂಟುವುದು ಎರಡೂ ಸರಿಸಮ ಆದ ಕಡೆ ಪುಡಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಓಡಿಸಿದರೆ ನೀವು ಅರೆಯುತ್ತಿಲ್ಲ, ಉಂಡೆ ಕಟ್ಟುತ್ತಿದ್ದೀರಿ.

ಆ ಹಂತ ಬರುವ ಮೊದಲೇ ನಿಮ್ಮ ಪುಡಿ ನಿಂತಿರುವ ಸಾಧ್ಯತೆಯೂ ಇದೆ. ಅದನ್ನು ನೋಡೋಣ. ಮೊದಲು ತೇವ. ಇದ್ದಿಲು ಗಾಳಿಯಿಂದ ನೀರು ಎಳೆದುಕೊಳ್ಳುತ್ತಲೇ ಇರುತ್ತದೆ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಒಳಗೆ ತೇವ ಇರುತ್ತದೆ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಮುಚ್ಚಿಟ್ಟು ಆರಿಸಿ, ಅವತ್ತೇ ಅರೆಯಬೇಕು. ಒಣ ಇದ್ದಿಲು ಚಟಚಟ ಒಡೆಯುತ್ತದೆ, ತೇವದ್ದು ಗೋಡೆಗೆ ಮೆತ್ತಿಕೊಳ್ಳುತ್ತದೆ.

ಎರಡನೆಯದು ಡಬ್ಬಿಯಲ್ಲಿ ಏನೇನು ಎಷ್ಟೆಷ್ಟು ಅನ್ನುವುದು. ನೀವು ಗುಂಡು ಮತ್ತು ಪುಡಿಯನ್ನು ತೂಕದಲ್ಲಿ ಹತ್ತಕ್ಕೆ ಒಂದು ಹಾಕಿದ್ದೇನೆ ಎಂದು ಬರೆದಿದ್ದೀರಿ. ಇದು ಲೋಹದ ಪುಡಿ ಮಾಡುವವರ ಲೆಕ್ಕ. ಇದ್ದಿಲಿಗೆ ಹೊಂದುವುದಿಲ್ಲ. ಒಂದು ಲೀಟರ್ ಡಬ್ಬಿ ತೆಗೆದುಕೊಳ್ಳಿ. ಅದರ ಅರ್ಧ ಉಕ್ಕಿನ ಗುಂಡು ತುಂಬಿದರೆ ಗುಂಡುಗಳ ತೂಕ ಸುಮಾರು 2.3 ಕಿಲೊ. ಹತ್ತಕ್ಕೊಂದು ಅಂದರೆ 230 ಗ್ರಾಂ ಇದ್ದಿಲು. ಆದರೆ ಇದ್ದಿಲ ಪುಡಿ ಲೀಟರಿಗೆ 300 ಗ್ರಾಂ ತೂಗಿದರೆ ಹೆಚ್ಚು. ಅಂದರೆ ಮುಕ್ಕಾಲು ಲೀಟರಿಗಿಂತ ಜಾಸ್ತಿ ಪುಡಿಯನ್ನು ಅರ್ಧ ತುಂಬಿದ ಡಬ್ಬಿಗೆ ಒತ್ತಿದಂತಾಯಿತು! ಗುಂಡುಗಳು ಒಂದಕ್ಕೊಂದು ತಾಗುವುದೇ ಇಲ್ಲ, ಪುಡಿಯೊಳಗೆ ಹೂತು ಕೂತಿರುತ್ತವೆ. ಇದ್ದಿಲನ್ನು ತೂಕದಲ್ಲಿ ಅಳೆಯಬೇಡಿ, ಅಳತೆ ಪಾತ್ರೆಯಲ್ಲಿ ಅಳೆಯಿರಿ. ಅರ್ಧ ಡಬ್ಬಿ ಗುಂಡು, ಅವುಗಳ ಸಂದು ತುಂಬುವಷ್ಟೇ ಪುಡಿ, ಅಂದರೆ ಡಬ್ಬಿಯ ಐದನೇ ಒಂದು ಭಾಗ. ಇದೇ ಡಬ್ಬಿಗೆ 60 ಗ್ರಾಂ ಸಾಕು. ತೂಕದ ಲೆಕ್ಕ ಆಗ ನಲವತ್ತಕ್ಕೆ ಒಂದರ ಆಸುಪಾಸು ಬರುತ್ತದೆ, ಬರಲಿ ಬಿಡಿ.

ಮೂರನೆಯದು ವೇಗ. ಉರುಳುವ ಡಬ್ಬಿಗೆ ಒಂದು ಮಿತಿವೇಗ ಇರುತ್ತದೆ. ಅದನ್ನು ಮೀರಿದರೆ ಗುಂಡುಗಳು ಗೋಡೆಗೆ ಅಂಟಿಕೊಂಡು ಸುತ್ತುತ್ತವೆ, ಬೀಳುವುದೇ ಇಲ್ಲ. ಡಬ್ಬಿಯ ಒಳವ್ಯಾಸದಲ್ಲಿ ಗುಂಡಿನ ವ್ಯಾಸ ಕಳೆಯಿರಿ, ಮೀಟರಿನಲ್ಲಿ. ಅದರ ವರ್ಗಮೂಲದಿಂದ 42.3 ಅನ್ನು ಭಾಗಿಸಿ. ಬರುವುದೇ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಮಿತಿ. 20 ಸೆಂ.ಮೀ. ಡಬ್ಬಿ, 2 ಸೆಂ.ಮೀ. ಗುಂಡು ಆದರೆ ಮಿತಿ 100 ಸುತ್ತು. ಕೆಲಸ ಮಾಡಬೇಕಾದ್ದು ಅದರ ಶೇ 65ರಿಂದ 80ರೊಳಗೆ. ನೀವು ಬರೆದ 110 ಸುತ್ತಿನಲ್ಲಿ, ಡಬ್ಬಿ ಇದೇ ಅಳತೆಯದ್ದಾದರೆ, ರಾತ್ರಿಯಿಡೀ ಗುಂಡುಗಳಿಗೆ ಸುಮ್ನೆ ಪ್ರದಕ್ಷಿಣೆ ಹಾಕಿಸಿದಂತೆ.

ಲೆಕ್ಕಕ್ಕಿಂತ ನಾನು ಕಿವಿಯನ್ನು ಜಾಸ್ತಿ ನಂಬುತ್ತೇನೆ. ಸರಿಯಾಗಿ ಓಡುವ ಮಿಲ್ಲಿನಿಂದ ಒಂದೇ ಸಮನೆ ಗಲಗಲ ಸದ್ದು ಬರುತ್ತದೆ, ಜಲ್ಲಿ ಸುರಿಯುತ್ತಲೇ ಇರುವ ಹಾಗೆ. ಟಣ್ ಟಣ್ ಅಂತ ಬಿಡಿಬಿಡಿಯಾಗಿ ಲೋಹದ ಸದ್ದು ಬಂದರೆ ಪುಡಿ ಕಡಿಮೆ, ಗುಂಡು ನೇರ ಗೋಡೆಗೆ ಬಡಿಯುತ್ತಿದೆ. ಮಂಕಾಗಿ ದೊಪ್ ದೊಪ್ ಅಂದರೆ ಪುಡಿ ಜಾಸ್ತಿ, ಇಲ್ಲವೇ ಗೋಡೆಗೆ ಮೆತ್ತಿದೆ. ಸದ್ದೇ ಇಲ್ಲದಿದ್ದರೆ ಗುಂಡುಗಳು ಗೋಡೆ ಹಿಡಿದಿವೆ, ವೇಗ ಇಳಿಸಿ. ನಿಮ್ಮ ಮಿಲ್ ಓಡುವಾಗ ಬಾಗಿಲು ಮುಚ್ಚಿಕೊಂಡು ಹೋಗಿಬಿಡಬೇಡಿ, ಮೊದಲ ಹತ್ತು ನಿಮಿಷ ಪಕ್ಕದಲ್ಲೇ ನಿಂತು ಕೇಳಿ.

ಇನ್ನು ಗುಂಡಿನ ಗಾತ್ರ. ದೊಡ್ಡ ಗುಂಡು ದೊಡ್ಡ ಹರಳನ್ನು ಒಡೆಯಲು. ಹರಳು ಪುಡಿಯಾದ ಮೇಲೆ ಅದರ ಕೆಲಸ ಮುಗಿಯಿತು. ಸಣ್ಣ ಪುಡಿಗೆ ಬೇಕಾದ್ದು ಜೋರು ಪೆಟ್ಟಲ್ಲ, ಜಾಸ್ತಿ ಪೆಟ್ಟು. ಅದೇ ತೂಕದ ಸಣ್ಣ ಗುಂಡುಗಳು ಎಷ್ಟೋ ಪಟ್ಟು ಹೆಚ್ಚು ಕಡೆ ತಾಗುತ್ತವೆ. ಹಾಗಾಗಿ ಎರಡು ಹಂತ ಮಾಡಿ: ದೊಡ್ಡ ಗುಂಡಿನಲ್ಲಿ ಮೊದಲು, ಜರಡಿ ಹಿಡಿದು ಸಣ್ಣ ಗುಂಡಿನಲ್ಲಿ ಆಮೇಲೆ. ಅದಾದ ಮೇಲೂ ಇಳಿಯದಿದ್ದರೆ ಒಣಗಿದ್ದನ್ನು ಬಿಟ್ಟು ನೀರಿನಲ್ಲೋ ಆಲ್ಕೋಹಾಲಿನಲ್ಲೋ ಅರೆಯಿರಿ. ದ್ರವ ಕಣಗಳ ಮಧ್ಯೆ ಹೊಕ್ಕು ಅಂಟಿಕೊಳ್ಳದಂತೆ ತಡೆಯುತ್ತದೆ. ತೊಂದರೆ ಏನೆಂದರೆ ಒಣಗಿಸುವಾಗ ನೀರು ಹೋಗುತ್ತಾ ಹೋಗುತ್ತಾ ಕಣಗಳನ್ನು ಮತ್ತೆ ಒಟ್ಟಿಗೆ ಎಳೆದು ಬಿಲ್ಲೆ ಮಾಡಿಬಿಡುತ್ತದೆ. ಮುಂದಿನ ಕೆಲಸ ನೀರಿನಲ್ಲೇ ಆಗುವುದಾದರೆ ಒಣಗಿಸಲು ಹೋಗಲೇಬೇಡಿ.

ಪ್ರಶ್ನೆ: ಇದಕ್ಕೆಲ್ಲ ಬಾಲ್ ಮಿಲ್ಲೇ ಬೇಕಾ? ಮಿಕ್ಸಿಯಲ್ಲಿ ಆಗಲ್ವಾ?

ಉತ್ತರ: ತರಿತರಿ ಪುಡಿ ಆಗುತ್ತದೆ. ನುಣ್ಣಗಾದ ಪುಡಿ ಬ್ಲೇಡಿನ ಗಾಳಿಗೆ ಎದ್ದು ಅದರ ಜೊತೆಗೇ ಸುತ್ತುತ್ತದೆ, ಪೆಟ್ಟಿಗೆ ಸಿಗುವುದೇ ಇಲ್ಲ. ನೂರಿನ್ನೂರು ಮೈಕ್ರಾನಿನ ಸುತ್ತಮುತ್ತ ನಿಂತುಹೋಗುತ್ತದೆ. ಮಣ್ಣಿಗೆ ಬೆರೆಸಲು ಅಷ್ಟು ನುಣ್ಣಗೆ ಬೇಕಾಗಿಯೂ ಇಲ್ಲ, ಒಂದೆರಡು ಮಿಲಿಮೀಟರ್ ಸಾಕು. ತೀರಾ ಹಿಟ್ಟಾದರೆ ಗಾಳಿಗೆ ಹಾರುತ್ತದೆ, ನೀರಿನ ಜೊತೆ ಕೊಚ್ಚಿಹೋಗುತ್ತದೆ. ಮಿಕ್ಸಿ ಬಳಸಿದರೂ ಜಾರು ಬೇರೆ ಇಡಿ, ಅಡುಗೆಯದ್ದನ್ನು ಮುಟ್ಟಬೇಡಿ. ಮುಚ್ಚಳ ತೆಗೆಯುವ ಮೊದಲು ಪುಡಿ ಕೂರಲು ಬಿಡಿ. ಮೋಟರಿನ ಕಿಡಿ, ಹಾರುವ ಇದ್ದಿಲ ಪುಡಿ ಒಂದೇ ಕಡೆ ಇರುವುದು ಒಳ್ಳೆಯದಲ್ಲ.

ಪ್ರಶ್ನೆ: ಅರೆದರೆ ಬಯೋಚಾರಿನ ಮೇಲ್ಮೈ ಹೆಚ್ಚಾಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ನೀರಿನಿಂದ ಬಣ್ಣ ತೆಗೆಯಲು ಬಳಸಬೇಕೆಂದಿದ್ದೇನೆ. ಎಷ್ಟು ಸಣ್ಣಗೆ ಅರೆದರೆ ಆ್ಯಕ್ಟಿವೇಟೆಡ್ ಕಾರ್ಬನ್‌ಗೆ ಸಮ ಆಗುತ್ತದೆ?

ಉತ್ತರ: ಎಷ್ಟು ಅರೆದರೂ ಆಗುವುದಿಲ್ಲ. ಆ್ಯಕ್ಟಿವೇಟೆಡ್ ಕಾರ್ಬನ್ ಅಂದರೆ ಒಳಗೆಲ್ಲ ಸಣ್ಣ ಸಣ್ಣ ತೂತು ಬರುವ ಹಾಗೆ ಮಾಡಿದ ಇಂಗಾಲ. ಬೇಸರ ಮಾಡಿಕೊಳ್ಳಬೇಡಿ, ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದು ಸೆಂಟಿಮೀಟರಿನ ಘನ ತುಂಡು ತೆಗೆದುಕೊಳ್ಳಿ. ಆರು ಮುಖ, ಒಟ್ಟು 6 ಚದರ ಸೆಂ.ಮೀ. ಅದನ್ನೇ ಒಂದೊಂದು ಮೈಕ್ರಾನಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6 ಚದರ ಮೀಟರ್. ಹತ್ತು ಸಾವಿರ ಪಟ್ಟು! ಕೇಳಲು ಭಾರೀ ಅನಿಸುತ್ತದೆ, ಅಲ್ವಾ? ಇಂಗಾಲದ ಗೋಡೆಯ ಸಾಂದ್ರತೆ 1.5 ಅಂತ ಹಿಡಿದರೆ ಒಂದು ಗ್ರಾಂಗೆ ಸುಮಾರು 4 ಚದರ ಮೀಟರ್ ಆಯಿತು. ಆದರೆ ಒಳ್ಳೆಯ ಕಾವಿನಲ್ಲಿ ಮಾಡಿದ ಮರದ ಬಯೋಚಾರಿಗೆ, ಅರೆಯುವ ಮೊದಲೇ, ಗ್ರಾಂಗೆ ನೂರಾರು ಚದರ ಮೀಟರ್ ಮೇಲ್ಮೈ ಇರುತ್ತದೆ. ಆ್ಯಕ್ಟಿವೇಟೆಡ್ ಕಾರ್ಬನ್‌ಗೆ 500ರಿಂದ 1500. ಇದೆಲ್ಲ ಇರುವುದು ಒಳಗಿನ ತೂತುಗಳ ಗೋಡೆಯಲ್ಲಿ. ಹೊರಗಿನಿಂದ ನೀವು ಕಷ್ಟಪಟ್ಟು ಗಳಿಸುವ ನಾಲ್ಕು ಮೀಟರ್ ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಅರೆದ ಬಯೋಚಾರಿನ ಮೇಲ್ಮೈ ಹೆಚ್ಚಾಗಿದೆ ಎಂಬ ವರದಿಗಳು ಸುಳ್ಳೇ? ಸುಳ್ಳಲ್ಲ. ಇದ್ದಿಲಿನಲ್ಲಿ ಬಾಯಿ ಮುಚ್ಚಿಕೊಂಡ ತೂತುಗಳು ಬಹಳ. ಕಾಯಿಸುವಾಗ ಎದ್ದ ಟಾರ್ ಕೆಲವಕ್ಕೆ ಬಿರಡೆ ಹಾಕಿರುತ್ತದೆ. ಒಡೆದಾಗ ಅವು ತೆರೆದುಕೊಳ್ಳುತ್ತವೆ, ಅಳತೆಗೆ ಸಿಗುತ್ತವೆ. ಅದರಾಚೆಗೂ ಅರೆಯುತ್ತಾ ಹೋದರೆ ಅದುಮಿ ಅದುಮಿ ಅದೇ ತೂತುಗಳು ಕುಸಿಯುತ್ತವೆ, ಮೇಲ್ಮೈ ಇಳಿಯುತ್ತದೆ. ಗಾಳಿಯಲ್ಲಿ ಅರೆದಾಗ ಹೊಸ ಮುಖಗಳಿಗೆ ಆಮ್ಲಜನಕ ಅಂಟುವುದರಿಂದ ಕೆಲವು ಲೋಹ, ಬಣ್ಣಗಳನ್ನು ಅವು ಚೆನ್ನಾಗಿ ಹಿಡಿಯುವುದೂ ಉಂಟು. ಅದು ಬೇರೆ ಲಾಭ.

ನಿಮಗೆ ನಿಜವಾಗಿ ಸಿಗುವ ಲಾಭ ಹೊತ್ತಿನದು. ಬಣ್ಣ ಕಣದ ಹೊರಗಿನಿಂದ ಒಳಗಿನವರೆಗೆ ನಡೆದುಕೊಂಡೇ ಹೋಗಬೇಕು. ಅದಕ್ಕೆ ಹಿಡಿಯುವ ಸಮಯ ದೂರದ ವರ್ಗದಷ್ಟು. ಒಂದು ಮಿಲಿಮೀಟರ್ ಕಣವನ್ನು 0.1 ಮಿಲಿಮೀಟರ್ ಮಾಡಿದರೆ ಸಮಯ ನೂರನೇ ಒಂದು ಭಾಗ. ಹಿಡಿಯುವ ಒಟ್ಟು ಬಣ್ಣ ಹೆಚ್ಚುಕಮ್ಮಿ ಅಷ್ಟೇ, ಬೇಗ ಹಿಡಿಯುತ್ತದೆ.

ಹಾಗೆಂದು ಒಂದು ಮೈಕ್ರಾನಿಗೆ ಇಳಿಸಿದರೆ ಆಮೇಲೆ ಆ ಕರಿ ನೀರಿನಿಂದ ಇದ್ದಿಲು ತೆಗೆಯುವವರು ಯಾರು? ಬಣ್ಣ ಹೋಗಿ ಮಸಿ ಉಳಿಯುತ್ತದೆ! ಮಾರಾಟವಾಗುವ ಪುಡಿ ಆ್ಯಕ್ಟಿವೇಟೆಡ್ ಕಾರ್ಬನ್ ಕೂಡ ಬಹುಪಾಲು 45 ಮೈಕ್ರಾನ್ ಜರಡಿ ದಾಟುವಷ್ಟು ನುಣುಪು, ಅದಕ್ಕಿಂತ ತೀರಾ ಕೆಳಗೆ ಯಾರೂ ಸುಮ್ಮನೆ ಹೋಗುವುದಿಲ್ಲ. ನೀವೂ ಅಲ್ಲೇ ನಿಲ್ಲಿಸಿ. ಮೇಲ್ಮೈ ಬೇಕಿದ್ದರೆ ಅದನ್ನು ಕುಲುಮೆಯಲ್ಲೇ ಗಳಿಸಬೇಕು: ಹಬೆ ಹಾಯಿಸಿಯೋ, ರಾಸಾಯನಿಕ ಸೇರಿಸಿ ಮತ್ತೆ ಕಾಯಿಸಿಯೋ.

ಪ್ರಶ್ನೆ: ನಮ್ಮದು ಸಣ್ಣ ಘಟಕ. ಪುಡಿಯನ್ನು 10 ಮೈಕ್ರಾನಿಗೆ ತಂದಿದ್ದೇವೆ. ಗಿರಾಕಿ 'ನ್ಯಾನೊ' ಕೇಳುತ್ತಾರೆ. ಇನ್ನಷ್ಟು ಹೊತ್ತು ಓಡಿಸಿದರೆ ಸಾಕಾ?

ಉತ್ತರ: ನ್ಯಾನೊ ಅಂದರೆ ಸಾಮಾನ್ಯವಾಗಿ 100 ನ್ಯಾನೊಮೀಟರಿಗಿಂತ ಕೆಳಗೆ. ನಿಮ್ಮ ಪುಡಿ 10,000ದಲ್ಲಿದೆ. ಆಸ್ಟ್ರಿಯಾದ ಗಣಿ ಎಂಜಿನಿಯರ್ ರಿಟಿಂಗರ್ 1867ರಲ್ಲಿ ಕೊಟ್ಟ ಒಂದು ನಿಯಮ ಇವತ್ತಿಗೂ ಒರಟು ಅಂದಾಜಿಗೆ ಸಾಕು: ಅರೆಯಲು ಬೇಕಾದ ಶಕ್ತಿ ಹೊಸದಾಗಿ ಹುಟ್ಟುವ ಮೇಲ್ಮೈಯಷ್ಟು. 1000 ಮೈಕ್ರಾನಿನಿಂದ 100ಕ್ಕೆ ತರಲು ಒಂದು ಪಾಲು ಶಕ್ತಿ ಅಂತ ಇಟ್ಟುಕೊಂಡರೆ 100ರಿಂದ 10ಕ್ಕೆ ಹತ್ತು ಪಾಲು, 10ರಿಂದ 1ಕ್ಕೆ ನೂರು ಪಾಲು. ಅಲ್ಲಿಂದ 100 ನ್ಯಾನೊಗೆ ಸಾವಿರ ಪಾಲು. ಅದೂ ಅಂಟಿಕೊಳ್ಳುವ ತೊಂದರೆಯನ್ನು ಲೆಕ್ಕಕ್ಕೆ ಹಿಡಿಯದೆ! ಉರುಳುವ ಮಿಲ್ಲಿನಲ್ಲಿ ಇದು ಆಗದ ಮಾತು.

ಕೆಲವೇ ಮೈಕ್ರಾನ್ ಸಾಕಾದರೆ ಜೆಟ್ ಮಿಲ್ ನೋಡಿ. ಅದರಲ್ಲಿ ಗುಂಡೇ ಇಲ್ಲ, ಒತ್ತಡದ ಗಾಳಿಯಲ್ಲಿ ಕಣಕ್ಕೆ ಕಣವೇ ಡಿಕ್ಕಿ ಹೊಡೆಯುತ್ತದೆ. ಹಾಗಾಗಿ ಲೋಹ ಬೆರೆಯುವುದೂ ಕಡಿಮೆ. ಇದ್ದಿಲಿಗೆ ಗಾಳಿ ಬದಲು ನೈಟ್ರೋಜನ್ ಬಳಸಿದರೆ ಕ್ಷೇಮ. ಮೈಕ್ರಾನಿಗಿಂತ ಕೆಳಗೆ ಹೋಗಬೇಕಾದರೆ ದ್ರವದಲ್ಲಿ ಅರೆಯುವ ಬೀಡ್ ಮಿಲ್. ಮಿಲಿಮೀಟರಿಗಿಂತ ಸಣ್ಣ ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ವಸ್ತು) ಮಣಿಗಳು, ಜೊತೆಗೆ ಚದುರಿಸಿಡುವ ಒಂದು ರಾಸಾಯನಿಕ. ಯಂತ್ರ ಕೊಳ್ಳುವ ಮೊದಲು ಆ ಗಿರಾಕಿಯನ್ನು ಒಂದು ಮಾತು ಕೇಳಿ, 'ನ್ಯಾನೊ ಯಾತಕ್ಕೆ?' ಅಂತ. 5 ಮೈಕ್ರಾನ್ ಸಾಕಾಗುವವರೂ ನ್ಯಾನೊ ಎಂದೇ ಕೇಳುವುದನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ರಬ್ಬರಿಗೆ ಹಾಕುವ ಕಾರ್ಬನ್ ಬ್ಲ್ಯಾಕ್ ಬದಲು ಅರೆದ ಬಯೋಚಾರ್ ಹಾಕಿದರೆ ಪೆಟ್ರೋಲಿಯಂ ಉಳಿಯುತ್ತದಲ್ಲ, ಎಲ್ಲರೂ ಯಾಕೆ ಮಾಡುತ್ತಿಲ್ಲ?

ಉತ್ತರ: ಎರಡೂ ಕಪ್ಪು, ಎರಡೂ ಇಂಗಾಲ. ಹುಟ್ಟು ಮಾತ್ರ ತದ್ವಿರುದ್ಧ. ಕಾರ್ಬನ್ ಬ್ಲ್ಯಾಕನ್ನು ಯಾರೂ ಅರೆದು ಮಾಡುವುದಿಲ್ಲ. ಎಣ್ಣೆಯನ್ನು ಸಾಲದ ಗಾಳಿಯಲ್ಲಿ ಉರಿಸಿದಾಗ ಬೆಂಕಿಯೊಳಗೇ ಇಂಗಾಲದ ಪುಟ್ಟ ಗೋಲಗಳು ಬೆಳೆಯುತ್ತವೆ, ಅಲ್ಲೇ ಒಂದಕ್ಕೊಂದು ಬೆಸೆದು ದ್ರಾಕ್ಷಿ ಗೊಂಚಲಿನ ಹಾಗಾಗುತ್ತವೆ. ಟೈರಿಗೆ ಬಳಸುವ ದರ್ಜೆಗಳಲ್ಲಿ ಒಂದೊಂದು ಗೋಲ 20–30 ನ್ಯಾನೊಮೀಟರ್. ಗೊಂಚಲಿನ ಸಂದುಗೊಂದಿಗಳಲ್ಲಿ ರಬ್ಬರ್ ಸಿಕ್ಕಿಕೊಳ್ಳುವುದರಿಂದಲೇ ಬಲ ಬರುವುದು. ಬಯೋಚಾರ್ ದೊಡ್ಡದರಿಂದ ಒಡೆದು ಬಂದ ಚೂಪು ಚೂರು. ಅದಕ್ಕೆ ಗೊಂಚಲಿಲ್ಲ. 10 ಮೈಕ್ರಾನಿನ ಒಂದು ಚೂರು ಆ ಗೋಲಕ್ಕಿಂತ ಮುನ್ನೂರು ಪಟ್ಟಿಗೂ ದೊಡ್ಡದು. ರಬ್ಬರನ್ನು ಎಳೆದಾಗ ಬಿರುಕು ಶುರುವಾಗುವುದೇ ಇಂಥ ದೊಡ್ಡ ಚೂರಿನ ಬುಡದಲ್ಲಿ. ಸರಾಸರಿ ಎರಡು ಮೈಕ್ರಾನ್ ಇದೆ ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ನೂರರಲ್ಲಿ ಒಂದು ದೊಡ್ಡದಿದ್ದರೂ ಅದು ಅಲ್ಲೇ ಹರಿಯುತ್ತದೆ.

ದಾರಿ ಇಲ್ಲವೆಂದಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಅಲ್ಲಿನ ಕೃಷಿ ಇಲಾಖೆಯ ಒಂದು ಪ್ರಯೋಗಾಲಯ ಇದೆ. 1940ರ ದಶಕದಲ್ಲಿ ಪೆನಿಸಿಲಿನ್ನನ್ನು ರಾಶಿಗಟ್ಟಲೆ ಬೆಳೆಸುವ ದಾರಿ ಕಂಡುಕೊಂಡದ್ದು ಅಲ್ಲೇ. ಅಲ್ಲಿಯವರು ಬಯೋಚಾರನ್ನು ತೀರಾ ನುಣ್ಣನೆಯ ಸಿಲಿಕಾದ (ಮರಳಿನಲ್ಲಿರುವ ವಸ್ತು) ಜೊತೆ ಸೇರಿಸಿ ಅರೆದು, ರಬ್ಬರಿನಲ್ಲಿ ಕಾರ್ಬನ್ ಬ್ಲ್ಯಾಕಿನ ಒಂದು ಭಾಗಕ್ಕೆ ಬದಲಾಗಿ ಹಾಕಿ ನೋಡಿದ್ದಾರೆ. ಸಿಲಿಕಾ ಕಣಗಳ ನಡುವೆ ಕೂತು ಅಂಟಿಕೊಳ್ಳದಂತೆ ತಡೆಯುತ್ತದೆ, ಒಡೆಯುವುದಕ್ಕೂ ನೆರವಾಗುತ್ತದೆ. ಮೊದಲ ಪತ್ರ ಬರೆದ ವಿದ್ಯಾರ್ಥಿನಿ ಇದನ್ನು ಗಮನಿಸಲಿ. 'ಒಂದು ಭಾಗಕ್ಕೆ ಬದಲಾಗಿ' ಅನ್ನುವ ಮಾತನ್ನು ನೀವು ಗಮನಿಸಿ. ಪೂರ್ತಿ ಬದಲಿಸಿದರೆ ಗಟ್ಟಿತನ ಇಳಿಯುತ್ತದೆ. ಟೈರಿನ ತುಳಿಮುಖ (ನೆಲಕ್ಕೆ ತಾಗುವ ಭಾಗ) ಬಿಟ್ಟು ಅಷ್ಟು ಎಳೆತ ಬೀಳದ ಮ್ಯಾಟು, ಗ್ಯಾಸ್ಕೆಟ್‌ಗಳಿಂದ ಶುರುಮಾಡುವುದು ಜಾಣತನ. ಬೂದಿ ಕಡಿಮೆ ಇರುವ ಮರದ ಇದ್ದಿಲನ್ನೇ ಆರಿಸಿಕೊಳ್ಳಿ. ಹೊಟ್ಟು, ಹುಲ್ಲಿನದ್ದರಲ್ಲಿ ಬೂದಿ ಜಾಸ್ತಿ.

ಪ್ರಶ್ನೆ: ಕಣದ ಗಾತ್ರ ಅಳೆಯುವ ಲೇಸರ್ ಯಂತ್ರ ನಮ್ಮಲ್ಲಿಲ್ಲ. ಪುಡಿಯ ಗಾತ್ರವನ್ನು ಮನೆಯಲ್ಲೋ ಶಾಲೆಯಲ್ಲೋ ಅಳೆಯಲು ಸಾಧ್ಯವೇ?

ಉತ್ತರ: ಚೆನ್ನಾಗಿಯೇ ಅಳೆಯಬಹುದು. 45 ಮೈಕ್ರಾನಿನವರೆಗೆ ಜರಡಿ ಸಾಕು. ಮೆಶ್ ಅಂದರೆ ಬಲೆಯಲ್ಲಿ ಒಂದು ಅಂಗುಲಕ್ಕೆ ಎಷ್ಟು ತೂತು ಎಂಬ ಲೆಕ್ಕ. 100 ಮೆಶ್ ಅಂದರೆ 150 ಮೈಕ್ರಾನ್, 200 ಮೆಶ್ ಅಂದರೆ 75, 325 ಮೆಶ್ ಅಂದರೆ 45. ನುಣ್ಣನೆ ಇದ್ದಿಲು ಒಣ ಜರಡಿಯಲ್ಲಿ ಇಳಿಯುವುದಿಲ್ಲ, ಬಲೆಗೆ ಅಂಟಿ ಮುಷ್ಕರ ಹೂಡುತ್ತದೆ. ಸೋಪಿನ ಹನಿ ಹಾಕಿದ ನೀರು ಹುಯ್ಯುತ್ತಾ ಜರಡಿ ಹಿಡಿಯಿರಿ. ಬೆರಳಿನಿಂದ ಉಜ್ಜಬೇಡಿ, ಬಲೆ ಹಿಗ್ಗಿದರೆ ಜರಡಿ ಕೆಟ್ಟಿತು.

ಅದಕ್ಕೂ ಸಣ್ಣದಕ್ಕೆ ನೀರಿನಲ್ಲಿ ಮುಳುಗುವ ವೇಗವೇ ಅಳತೆಗೋಲು. ಕಣ ಹತ್ತು ಪಟ್ಟು ಸಣ್ಣದಾದರೆ ನೂರು ಪಟ್ಟು ನಿಧಾನ, ಇದು ಸ್ಟೋಕ್ಸ್ ನಿಯಮ. ಸಾಂದ್ರತೆ 1.5 ಇರುವ ಇಂಗಾಲದ ಕಣ ನೀರಿನಲ್ಲಿ 10 ಸೆಂ.ಮೀ. ಇಳಿಯಲು, 20 ಮೈಕ್ರಾನ್ ಆದರೆ ಕಾಲು ಗಂಟೆ, 10 ಮೈಕ್ರಾನ್ ಆದರೆ ಒಂದು ಗಂಟೆ, 5 ಆದರೆ ನಾಲ್ಕು ಗಂಟೆ, 1 ಮೈಕ್ರಾನ್ ಆದರೆ ನಾಲ್ಕು ದಿನ. ಎತ್ತರದ ಗಾಜಿನ ಜಾಡಿಯಲ್ಲಿ ಲೀಟರಿಗೆ ಒಂದು ಗ್ರಾಂ ಪುಡಿ ಕದಡಿ. ಅದಕ್ಕೂ ಮೊದಲು ಆ ಪುಡಿಯನ್ನು ನೀರಿನಲ್ಲಿ ಕುದಿಸಿ ತೂತುಗಳ ಗಾಳಿ ಓಡಿಸಿರಬೇಕು, ಇಲ್ಲವಾದರೆ ಲೆಕ್ಕವೆಲ್ಲ ತಲೆಕೆಳಗು. ಕದಡಿದ ಒಂದು ಗಂಟೆಗೆ ಸರಿಯಾಗಿ ಮೇಲಿನಿಂದ 10 ಸೆಂ.ಮೀ. ಆಳದಲ್ಲಿ ಪಿಪೆಟ್‌ನಿಂದ ಒಂದಿಷ್ಟು ನೀರು ಎಳೆದು, ಒಣಗಿಸಿ, ತೂಗಿ. ಅದರಲ್ಲಿರುವುದೆಲ್ಲ 10 ಮೈಕ್ರಾನಿಗಿಂತ ಸಣ್ಣದು. ಮೊದಲಿದ್ದ ಗ್ರಾಂ ಲೆಕ್ಕಕ್ಕೆ ಹೋಲಿಸಿದರೆ ಶೇಕಡಾವಾರು ಸಿಕ್ಕಿತು. ಜಾಡಿಯನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ. ಒಂದು ಪಕ್ಕ ಬಿಸಿಯಾದರೆ ನೀರು ತಾನೇ ಸುತ್ತುತ್ತದೆ, ಕಣ ಇಳಿಯುವುದಿಲ್ಲ.

ಬಣ್ಣ, ಶಾಯಿ ಮಾಡುವವರು ಹೆಗ್ಮನ್ ಗೇಜ್ ಬಳಸುತ್ತಾರೆ. ಉಕ್ಕಿನ ಒಂದು ಬಿಲ್ಲೆ, ಅದರಲ್ಲಿ ಒಂದು ತುದಿಯಲ್ಲಿ ಆಳವಾಗಿ ಶುರುವಾಗಿ ಇನ್ನೊಂದು ತುದಿಗೆ ಸೊನ್ನೆಯಾಗುವ ಕಾಲುವೆ. ಆಳದ ಕಡೆ ಒಂದು ತೊಟ್ಟು ಶಾಯಿ ಇಟ್ಟು ಪಟ್ಟಿಯಿಂದ ಎಳೆದರೆ, ಕಾಲುವೆಗಿಂತ ದಪ್ಪನೆ ಹರಳು ಎಲ್ಲಿ ಸಿಗುತ್ತದೋ ಅಲ್ಲಿಂದ ಗೀರು ಬೀಳುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು, ಶಾಯಿ ಒಣಗುವ ಮೊದಲು, ಮೊದಲ ಗೀರುಗಳು ದಟ್ಟವಾಗುವ ಕಡೆ ಅಂಕಿ ಓದಬೇಕು. ಸರಾಸರಿ ಇದು ಹೇಳುವುದಿಲ್ಲ, ಅತಿ ದಪ್ಪ ಕಣ ಯಾವುದು ಅಂತ ಹೇಳುತ್ತದೆ. ರಬ್ಬರಿನವರಿಗೂ ಬೇಕಾದ್ದು ಅದೇ.

ಪ್ರಶ್ನೆ: ನಾನು ಚಿತ್ರಕಾರ. ಇದ್ದಿಲ ಪುಡಿಯಿಂದ ಶಾಯಿ ಮಾಡಲು ನೋಡಿದೆ. ಪುಡಿ ನೀರಿನ ಮೇಲೆ ತೇಲುತ್ತದೆ, ಕಲಕಿದರೂ ಮೇಲೆಯೇ! ಕಪ್ಪು ಕೂಡ ಕಂದುಕಂದಾಗಿ ಕಾಣುತ್ತದೆ.

ಉತ್ತರ: ನಿಮ್ಮ ಎರಡೂ ದೂರಿಗೆ ಕಾರಣ ಒಂದೇ: ಸಾಕಷ್ಟು ಕಾಯದ ಇದ್ದಿಲು. 400 ಡಿಗ್ರಿ ಆಸುಪಾಸಿನಲ್ಲಿ ಮಾಡಿದ್ದರಲ್ಲಿ ಟಾರ್ ಉಳಿದಿರುತ್ತದೆ. ಅದು ನೀರನ್ನು ದೂರ ತಳ್ಳುತ್ತದೆ, ಬಣ್ಣಕ್ಕೂ ಕಂದು ಛಾಯೆ ಕೊಡುತ್ತದೆ. ಗಾಳಿಯಾಡದಂತೆ ಮುಚ್ಚಿ 700 ಡಿಗ್ರಿಗೆ ಮತ್ತೆ ಕಾಯಿಸಿದರೆ ಎರಡೂ ಸುಧಾರಿಸುತ್ತದೆ. ಪುಡಿಯನ್ನು ನೇರ ನೀರಿಗೆ ಹಾಕಬೇಡಿ. ಮೊದಲು ಆಲ್ಕೋಹಾಲಿನ ಕೆಲವು ಹನಿಯಲ್ಲಿ ಲೇಹದಂತೆ ಕಲಸಿ, ಆಮೇಲೆ ಅರೇಬಿಕ್ ಗೋಂದಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಗಾಜಿನ ಹಲಗೆಯ ಮೇಲೆ ಅರೆಯಿರಿ. ಭಟ್ಟಿ ಇಳಿಸಿದ ನೀರೇ ಇರಲಿ. ಗಡಸು ನೀರಿನ ಕ್ಯಾಲ್ಸಿಯಂ ಕಣಗಳನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸಿಬಿಡುತ್ತದೆ.

ಒಂದು ಮಾತು. ಕಾರ್ಬನ್ ಬ್ಲ್ಯಾಕಿನ ಗಾಢ ಕಪ್ಪು ನಿಮಗೆ ಇದರಿಂದ ಸಿಗುವುದಿಲ್ಲ. ಆದರೆ ಸಸ್ಯದ ಇದ್ದಿಲಿಗೆ ಅದರದೇ ಗುಣ ಇದೆ. ದ್ರಾಕ್ಷಿ ಬಳ್ಳಿ ಸುಟ್ಟು ಮಾಡಿದ ಕಪ್ಪು ಚಿತ್ರಕಾರರಿಗೆ ಹಳೆಯ ಪರಿಚಯ. ಬಣ್ಣಗಳ ಪಟ್ಟಿಯಲ್ಲಿ ಅದು ಪಿಗ್ಮೆಂಟ್ ಬ್ಲ್ಯಾಕ್ 8. ಬಿಳಿಯ ಜೊತೆ ಬೆರೆಸಿದರೆ ತುಸು ನೀಲಿ ಹೊಡೆಯುವ ಬೂದು ಬರುತ್ತದೆ. ಅದನ್ನೇ ಹುಡುಕಿಕೊಂಡು ಕೊಳ್ಳುವವರಿದ್ದಾರೆ.

ಪ್ರಶ್ನೆ: ಬಹಳ ಹೊತ್ತು ಒಣ ಅರೆದ ಮೇಲೆ ಡಬ್ಬಿ ತೆರೆದೆವು. ಒಂದು ನಿಮಿಷದಲ್ಲಿ ಪುಡಿ ಬಿಸಿಯಾಗಿ ಅಂಚಿನಲ್ಲಿ ಕೆಂಡದ ಹಾಗೆ ಕೆಂಪಾಯಿತು. ಬೆಂಕಿ ಎಲ್ಲಿಂದ ಬಂತು?

ಉತ್ತರ: ಪುಡಿಯಿಂದಲೇ. ಹೊಸದಾಗಿ ಒಡೆದ ಇಂಗಾಲದ ಮುಖ ಆಮ್ಲಜನಕ ಕಂಡರೆ ಎಳೆದುಕೊಳ್ಳುತ್ತದೆ, ಎಳೆದುಕೊಳ್ಳುವಾಗ ಕಾವು ಬಿಡುತ್ತದೆ. ಮುಚ್ಚಿದ ಡಬ್ಬಿಯ ಒಳಗಿನ ಆಮ್ಲಜನಕ ಅರೆಯುವಾಗಲೇ ಖಾಲಿಯಾಗಿರುತ್ತದೆ. ಬಿಸಿ ಡಬ್ಬಿಯ ಮುಚ್ಚಳ ಪೂರ್ತಿ ತೆಗೆದರೆ ಹಸಿದ ಪುಡಿಗೆ ಒಮ್ಮೆಗೇ ಗಾಳಿ ಸಿಕ್ಕಂತೆ. ಸಾಗಣೆಯ ನಿಯಮಗಳಲ್ಲೂ ಸಸ್ಯ ಮೂಲದ ಇಂಗಾಲಕ್ಕೆ ಯುಎನ್ 1361 ಎಂಬ ಸಂಖ್ಯೆ ಕೊಟ್ಟು, ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿಗೆ ಸೇರಿಸಿದ್ದಾರೆ.

ಡಬ್ಬಿ ಕೈಗೆ ತಣ್ಣಗಾಗುವವರೆಗೆ ಮುಟ್ಟಬೇಡಿ. ಆಮೇಲೆ ಮುಚ್ಚಳ ಕೂದಲೆಳೆಯಷ್ಟು ಸಡಿಲಿಸಿ, ಮುಚ್ಚಿ, ಕೆಲವು ನಿಮಿಷ ಬಿಟ್ಟು ಮತ್ತೆ ಸಡಿಲಿಸಿ. ಹೀಗೆ ಗಾಳಿಯನ್ನು ಕಂತಿನಲ್ಲಿ ಕೊಡಿ. ತೆಗೆದ ಪುಡಿಯನ್ನು ರಾಶಿ ಹಾಕದೆ ಲೋಹದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ದಿನ ಕಳೆದ ಮೇಲೆ ಡಬ್ಬಕ್ಕೆ ತುಂಬಿ. ಬೆಚ್ಚಗಿರುವಾಗ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಕೆಂಪಾದರೆ ನೀರು ರಭಸದಿಂದ ಹೊಡೆಯಬೇಡಿ. ಪುಡಿ ಮೋಡದ ಹಾಗೆ ಏಳುತ್ತದೆ, ಹಾರುವ ಇದ್ದಿಲ ಪುಡಿಗೆ ಕಿಡಿ ತಾಗಿದರೆ ಸ್ಫೋಟ. ಮುಚ್ಚಳ ಹಾಕಿ ಉಸಿರುಕಟ್ಟಿಸಿ, ಇಲ್ಲವೇ ಒಣ ಮರಳು ಮೆಲ್ಲಗೆ ಸುರಿಯಿರಿ. ನೆಲಕ್ಕೆ ಬಿದ್ದ ಪುಡಿಗೂ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಎನ್95 ಮಾಸ್ಕ್ ಹಾಕಿಕೊಳ್ಳದೆ ಡಬ್ಬಿ ತೆರೆಯಬಾರದು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವೇ ಮೈಕ್ರಾನಿನ ಪುಡಿ ಶ್ವಾಸಕೋಶದ ತಳ ಮುಟ್ಟುತ್ತದೆ. ಕಾರ್ಬನ್ ಬ್ಲ್ಯಾಕನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2ಬಿ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಗುಂಪಿನಲ್ಲಿ ಇಟ್ಟಿದೆ. ಇದ್ದಿಲ ಪುಡಿ ಗಿಡದಿಂದ ಬಂದದ್ದು, ಏನೂ ಆಗುವುದಿಲ್ಲ ಎನ್ನುವ ಧೈರ್ಯ ಬೇಡ. ಭತ್ತದ ಹೊಟ್ಟನ್ನು ತೀರಾ ಹೆಚ್ಚು ಕಾವಿನಲ್ಲಿ ಕಾಯಿಸಿದ್ದರಂತೂ ಅದರ ಸಿಲಿಕಾ ಹರಳುಗಟ್ಟಿರುತ್ತದೆ, ಅದು ಇನ್ನೂ ಕೆಟ್ಟದ್ದು.

ಪ್ರಶ್ನೆ: ಭತ್ತದ ಹೊಟ್ಟಿನ ಬಯೋಚಾರ್ ಅರೆದ ಮೇಲೆ ಆಯಸ್ಕಾಂತಕ್ಕೆ ಪುಡಿ ಅಂಟುತ್ತದೆ! ಇಂಗಾಲಕ್ಕೆ ಈ ಗುಣ ಎಲ್ಲಿಂದ ಬಂತು?

ಉತ್ತರ: ಅದು ನಿಮ್ಮ ಗುಂಡುಗಳ ಕಬ್ಬಿಣ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಉಪ್ಪುಕಾಗದದ ಹಾಗೆ ಉಕ್ಕನ್ನು ಸವೆಸುತ್ತದೆ. ಗುಂಡುಗಳನ್ನು ಅರೆಯುವ ಮೊದಲು, ಆಮೇಲೆ ತೊಳೆದು ಒಣಗಿಸಿ ತೂಗಿ. ಕಡಿಮೆಯಾದಷ್ಟೂ ನಿಮ್ಮ ಪುಡಿಯಲ್ಲಿದೆ. ಆಯಸ್ಕಾಂತ ಆಡಿಸಿದರೆ ಒಂದಿಷ್ಟು ಬರುತ್ತದೆ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದರೆ ಇನ್ನಷ್ಟು ಹೋಗುತ್ತದೆ. ಆಮ್ಲ ಹಾಕಿದಾಗ ಹೈಡ್ರೋಜನ್ ಬರುತ್ತದೆ, ಕಿಟಕಿ ತೆರೆದಿಟ್ಟು, ಹತ್ತಿರ ಉರಿ ಇಲ್ಲದ ಹಾಗೆ ಮಾಡಿ. ಮುಂದಿನ ಸಲ ಜಿರ್ಕೋನಿಯಾ ಗುಂಡು, ಅದೇ ಒಳಮೈಯ ಡಬ್ಬಿ ಸಿಕ್ಕರೆ ಒಳ್ಳೆಯದು. ಅದೂ ಸವೆಯುತ್ತದೆ, ಆದರೆ ನಿಧಾನ, ಬಣ್ಣವೂ ಬಿಳಿ. ಅಲ್ಯುಮಿನಾ ಹಗುರ, ಹೊತ್ತು ಜಾಸ್ತಿ ಹಿಡಿಯುತ್ತದೆ.

ಪ್ರಶ್ನೆ: ಡಬ್ಬಿ ಎಷ್ಟು ತೊಳೆದರೂ ಕಪ್ಪು ಹೋಗುವುದಿಲ್ಲ. ಮುಂದೆ ಬೇರೆ ಪುಡಿ ಅರೆಯಬೇಕು.

ಉತ್ತರ: ಉಜ್ಜುತ್ತಾ ಕೂರಬೇಡಿ. ಡಬ್ಬಿಗೆ ಗುಂಡುಗಳ ಜೊತೆ ಸ್ವಚ್ಛ ಮರಳು, ನೀರು, ಸ್ವಲ್ಪ ಸೋಪು ಹಾಕಿ ಅರ್ಧ ಗಂಟೆ ಓಡಿಸಿ. ಚೆಲ್ಲಿ, ಬರೀ ನೀರು ಹಾಕಿ ಇನ್ನೊಮ್ಮೆ ಓಡಿಸಿ. ಬಿಳಿ ಬಟ್ಟೆಯಿಂದ ಒರೆಸಿದಾಗ ಮಸಿ ಹತ್ತದಿದ್ದರೆ ಸಾಕು. ಮುಚ್ಚಳದ ರಬ್ಬರ್ ಬಳೆಯನ್ನು ಬಿಚ್ಚಿ ಅದರ ತೋಡನ್ನೂ ತೊಳೆಯಿರಿ, ಪುಡಿ ಅಡಗಿ ಕೂರುವುದು ಅಲ್ಲೇ. ಬಿಳಿ ಪುಡಿ ಅರೆಯುವುದಾದರೆ ಬೇರೆ ಡಬ್ಬಿಯನ್ನೇ ಇಟ್ಟುಕೊಳ್ಳಿ.